ಕೀಲಿಕೈ ಕೊಟ್ಟು ಹೋಗುವುದು

ಕಳೆದ ಏಪ್ರಿಲ್‌ನ ಒಂದು ಬುಧವಾರ, ಬೆಳಿಗ್ಗೆ ಹತ್ತೂಕಾಲರ ಹೊತ್ತಿಗೆ ನಮ್ಮ ಮುಖ್ಯ ವ್ಯವಸ್ಥಾಪಕರು ನನ್ನನ್ನು ಒಳಗೆ ಕರೆದು, ಈಗಿಂದೀಗಲೇ ಚಾರ್ಜ್ ವಹಿಸಿಕೊಟ್ಟು ಮನೆಗೆ ಹೋಗಬೇಕೆಂದೂ ಇನ್ನು 10 ಕೆಲಸದ ದಿನ ಬ್ಯಾಂಕಿನ ಕಡೆ ಬರಕೂಡದೆಂದೂ ಹೇಳಿದರು. ರಿಸರ್ವ್ ಬ್ಯಾಂಕಿನ ಪರವಾಗಿ ನೋಟುಗಳನ್ನು ಕೂಡಿಡುವ ಭದ್ರ ಕೋಣೆಗೆ ಕರೆನ್ಸಿ ಚೆಸ್ಟ್ ಎನ್ನುತ್ತಾರೆ; ಅದರ ಇಬ್ಬರು ಕೀಲಿಕೈದಾರರಲ್ಲಿ ನಾನು ಒಬ್ಬಳು. ರಿಸರ್ವ್ ಬ್ಯಾಂಕು 2021ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಇಂಥ ಸೂಕ್ಷ್ಮ ಜಾಗಗಳಲ್ಲಿ ಇರುವವರನ್ನು ವರ್ಷಕ್ಕೊಮ್ಮೆ, ಮುಂಚಿತವಾಗಿ ತಿಳಿಸದೆ, ಒಂದೇ ಕಂತಿನಲ್ಲಿ ಕನಿಷ್ಠ 10 ಕೆಲಸದ ದಿನ ರಜೆಯ ಮೇಲೆ ಕಳಿಸಬೇಕು. ಆ ದಿನಗಳಲ್ಲಿ ಎಲ್ಲ ನೌಕರರಿಗೂ ಇರುವ ಇ-ಮೇಲ್ ಒಂದನ್ನು ಬಿಟ್ಟರೆ ಕೆಲಸಕ್ಕೆ ಸಂಬಂಧಿಸಿದ ಯಾವ ಕಾಗದವನ್ನೂ ಯಾವ ಕಂಪ್ಯೂಟರನ್ನೂ ನಾವು ಮುಟ್ಟುವಂತಿಲ್ಲ. ವರ್ಷವಿಡೀ ಒಬ್ಬರೇ ಕೂರುವ ಕುರ್ಚಿಯಲ್ಲಿ ಕೆಲವು ದಿನ ಇನ್ನೊಬ್ಬರು ಕೂತರೆ, ಮುಚ್ಚಿಟ್ಟದ್ದು ಏನಾದರೂ ಇದ್ದಲ್ಲಿ ತಾನಾಗಿ ಹೊರಗೆ ಬರುತ್ತದೆ ಎಂಬುದು ಇದರ ಹಿಂದಿನ ತರ್ಕ. ಇದು ಒಳ್ಳೆಯ ನಿಯಮ. ನನ್ನ ಮೇಲೆ ಅನುಮಾನಪಟ್ಟರು ಎಂದು ಯಾವತ್ತೂ ಅನ್ನಿಸಿಲ್ಲ.

ನನ್ನ ಬದಲಿಗೆ ಬಂದವರು ಬೇರೆ ಶಾಖೆಯ ಒಬ್ಬ ಯುವ ಅಧಿಕಾರಿ. ಇಬ್ಬರೂ ಜೊತೆಯಲ್ಲಿ ನಿಂತು ಕಟ್ಟುಗಳನ್ನು ಎಣಿಸಿ, ರಿಜಿಸ್ಟರಿಗೆ ಸಹಿ ಹಾಕಿ, ಕೀಲಿಕೈ ಅವರ ಕೈಗೆ ಕೊಟ್ಟು ಮುಗಿಸುವಾಗ ಮಧ್ಯಾಹ್ನ ಕಳೆದಿತ್ತು. ಹೊರಗೆ ಬಂದರೆ ಬಿಸಿಲು ಸುಡುತ್ತಿತ್ತು. ಮನೆಗೆ ಬಂದ ಮೇಲೂ ಎರಡು ದಿನ ನನ್ನ ಕೈ ಆಗಾಗ ಸೊಂಟದ ಹತ್ತಿರ, ಕೀಲಿಕೈ ಇರುತ್ತಿದ್ದ ಚೀಲವನ್ನು ತಡಕುತ್ತಿತ್ತು. ಮೂರನೆಯ ದಿನ ಮೈಸೂರು–ತಾಳಗುಪ್ಪ ರಾತ್ರಿ ರೈಲು ಹತ್ತಿ ಸಾಗರದಲ್ಲಿ ಇಳಿದು ಅಜ್ಜನ ಮನೆಗೆ ಹೋದೆ. ಅಜ್ಜ ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಈಗ ಅಲ್ಲಿರುವುದು ಸೋದರಮಾವ ಮತ್ತು ಅತ್ತೆ ಇಬ್ಬರೇ. ಆದರೂ ನನ್ನ ಬಾಯಲ್ಲಿ ಅದು ಅಜ್ಜನ ಮನೆಯೇ.

ನಾನು ಹೋದ ದಿನವೇ ಅತ್ತೆ ಹಲಸಿನಕಾಯಿ ಹಪ್ಪಳಕ್ಕೆ ಕೂತಿದ್ದರು. ಜಗುಲಿಯ ಮೇಲೆ ಗೋಣಿಚೀಲ ಹಾಸಿ, ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು, ಬಲಿತ ಆದರೆ ಹಣ್ಣಾಗದ ಕಾಯಿಯನ್ನು ಸೀಳಿ, ಗೂಂಜನ್ನು ಕೊಯ್ದು ತೆಗೆದು, ಸುರಿಯುವ ಮೇಣವನ್ನು ಒಂದು ಕಡ್ಡಿಗೆ ಸುತ್ತಿಕೊಳ್ಳುತ್ತಿದ್ದರು. ನಾನು ಎದುರಿಗೆ ಕೂತು ಸೊಳೆ ಬಿಡಿಸಿ ಬೇಳೆ ಬೇರೆ ಮಾಡುತ್ತಾ, ರಜೆ ಹೇಗೆ ಸಿಕ್ಕಿತು ಎಂಬುದನ್ನು ಹೇಳಿದೆ. ಅತ್ತೆಗೆ ಅದು ವಿಚಿತ್ರವಾಗಿ ಕಂಡಿತು. "ಎಂತ ಮಾರಾಯ್ತಿ, ಹತ್ತು ದಿನ ಬರಬೇಡ ಅಂದ್ರಾ? ಸಂಬಳ ಹಿಡೀತಾರಾ?" ಎಂದು ಕೇಳಿದರು. ಹಿಡಿಯುವುದಿಲ್ಲ ಎಂದೆ. ಇನ್ನೆರಡು ಸೊಳೆ ಕೊಯ್ಯುವಷ್ಟು ಹೊತ್ತು ಸುಮ್ಮನಿದ್ದು, ತಲೆ ಎತ್ತದೆ, "ಹಂಗಾದ್ರೆ ನಿನ್ನ ಜಾಗದಲ್ಲಿ ಈಗ ಯಾರು ಕೂತಿದಾರೆ?" ಎಂದರು.

ಇಷ್ಟು ವರ್ಷ ಕೆಲಸ ಮಾಡಿದರೂ ರಜೆ ಎಂದರೆ ಏನು ಎಂಬ ಪ್ರಶ್ನೆಯನ್ನು ಆ ಕಡೆಯಿಂದ ನಾನು ಯೋಚಿಸಿರಲಿಲ್ಲ. ನನ್ನ ಮಟ್ಟಿಗೆ ರಜೆ ಎಂದರೆ ಕೆಲಸ ಇಲ್ಲದ ದಿನ. ಅತ್ತೆ ಕೇಳಿದ್ದು ಬೇರೆ: ಕೆಲಸ ಅಲ್ಲೇ ಇರುತ್ತದಲ್ಲ, ಅದನ್ನು ಯಾರು ಹೊತ್ತುಕೊಂಡರು? ಅವರ ಅನುಭವದಲ್ಲಿ ಹಾಗೆ ಹೊತ್ತುಕೊಳ್ಳುವವರು ಯಾರೂ ಬಂದದ್ದಿಲ್ಲ. ಪುಣೆಯಲ್ಲಿರುವ ಮಗಳು ಹೊಸ ಮನೆ ಕೊಂಡು ನಾಲ್ಕು ವರ್ಷವಾದರೂ ಅವರು ಅದನ್ನು ನೋಡಿಲ್ಲ. ದನ ಇದೆ, ಮಾವನ ಸಕ್ಕರೆ ಕಾಯಿಲೆಯ ಪಥ್ಯ ಇದೆ, ತೋಟಕ್ಕೆ ಬರುವವರಿಗೆ ಹತ್ತು ಗಂಟೆಯ ಚಹಾ ಇದೆ.

ನಮ್ಮ ರಜೆ, ಅಜ್ಜಿಯ ಸುಗ್ಗಿ

ಏಪ್ರಿಲ್ 10 ಎಂದರೆ ನನ್ನ ವಯಸ್ಸಿನವರಿಗೆ ಬೇರೆ ವಿವರಣೆ ಬೇಕಿಲ್ಲ. ಅಂದು ಪಾಸೋ ಫೇಲೋ ತಿಳಿದುಕೊಂಡು, ಮಾರನೆಯ ದಿನವೇ ಬಟ್ಟೆಯ ಗಂಟು ಕಟ್ಟಿ ಹೊರಟರೆ, ಮೇ ಕೊನೆಯವರೆಗೆ ನಾವು ಅಜ್ಜನ ಮನೆಯವರು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಆಗ ಮೀಟರ್ ಗೇಜ್ ಹಳಿ. ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳ ಸಂಸಾರಗಳಿಂದ ಒಟ್ಟು ಹನ್ನೊಂದು ಮಕ್ಕಳು ಸೇರುತ್ತಿದ್ದೆವು. ನಾವು ಬರುವ ಮುಂಚೆಯೇ ಅಜ್ಜಿ ಅಟ್ಟದಿಂದ ದೊಡ್ಡ ಪಾತ್ರೆಗಳನ್ನು ಇಳಿಸಿ ಹುಣಸೆಹುಳಿ ಹಚ್ಚಿ ಉಜ್ಜಿಡುತ್ತಿದ್ದರು. ನಾವು ಆ ಹೊಳಪನ್ನು ನೋಡಿದ್ದೇವೆಯೇ ಹೊರತು ಉಜ್ಜುವುದನ್ನು ನೋಡಿಲ್ಲ.

ಮಲೆನಾಡಿನ ಮನೆಗಳಲ್ಲಿ ಆ ಎರಡು ತಿಂಗಳು ಎಂಥ ಕಾಲ ಎಂಬುದು ನನಗೆ ಅರ್ಥವಾಗಿದ್ದು ತೀರ ತಡವಾಗಿ. ಜೂನ್‌ನಲ್ಲಿ ಮಳೆ ಹಿಡಿದರೆ ಮುಂದೆ ನಾಲ್ಕು ತಿಂಗಳು ಬಿಸಿಲನ್ನು ನಂಬುವ ಹಾಗಿಲ್ಲ. ಆದ್ದರಿಂದ ಒಣಗಬೇಕಾದದ್ದೆಲ್ಲ ಅಷ್ಟರೊಳಗೆ ಒಣಗಬೇಕು, ಉಪ್ಪಿನಲ್ಲಿ ಇಳಿಯಬೇಕಾದದ್ದೆಲ್ಲ ಇಳಿಯಬೇಕು. ಹೊಳೆದಂಡೆಯ ಅಪ್ಪೆಮಿಡಿಯನ್ನು ತೊಟ್ಟು ಮುರಿಯದಂತೆ ಕೊಯ್ಸಿ ತರಿಸಿ ಭರಣಿಗೆ ಹಾಕಬೇಕು. ಹಲಸಿನ ಸೊಳೆಯನ್ನು ಉಪ್ಪುನೀರಿನಲ್ಲಿ ಮುಳುಗಿಸಿಡಬೇಕು. ಹಪ್ಪಳ, ಸಂಡಿಗೆ, ಬಾಳಕದ ಮೆಣಸು, ಹುಣಸೆಹಣ್ಣು, ಸೌದೆ, ದನದ ಕೊಟ್ಟಿಗೆಗೆ ಹಾಸುವ ಒಣ ಎಲೆಯ ದರಗು, ಎಲ್ಲವೂ ಒಳಗೆ ಬಂದು ಸೇರಬೇಕು. ಅಡಿಕೆಯ ಸುಗ್ಗಿ ಮುಗಿದ ಮೇಲೆ ಗಂಡಸರಿಗೆ ತುಸು ಉಸಿರು ಬಿಡುವ ಕಾಲ ಬರುತ್ತಿತ್ತು. ಹೆಂಗಸರ ಸುಗ್ಗಿ ಆಗ ಶುರುವಾಗುತ್ತಿತ್ತು. ಅದೇ ತಿಂಗಳುಗಳಲ್ಲಿ ಹನ್ನೊಂದು ಮಕ್ಕಳು ಬಂದು ಕೂತು ದಿನಕ್ಕೆ ನಾಲ್ಕು ಸಲ ಹಸಿವು ಎನ್ನುತ್ತಿದ್ದೆವು.

ಹಪ್ಪಳದ ದಿನ ನಮಗೆಲ್ಲರಿಗೂ ಕೆಲಸ ಇರುತ್ತಿತ್ತು ಎಂದು ನಾನು ನನ್ನ ಮಗನಿಗೆ ಹೆಮ್ಮೆಯಿಂದ ಹೇಳಿದ್ದೇನೆ. ಅದು ಸುಳ್ಳಲ್ಲ. ಬೇಯಿಸಿದ ಸೊಳೆಯನ್ನು ಉಪ್ಪು, ಮೆಣಸು, ಜೀರಿಗೆ, ಕೊತ್ತಂಬರಿ ಸೇರಿಸಿ ಒರಳಿನಲ್ಲಿ ಕುಟ್ಟಿದ ಹಿಟ್ಟನ್ನು ನಾವು ನಿಂಬೆ ಗಾತ್ರದ ಉಂಡೆ ಮಾಡುತ್ತಿದ್ದೆವು. ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಉಂಡೆ ಇಟ್ಟು ಮಣೆಯಿಂದ ಒತ್ತುವ ಕೆಲಸ ದೊಡ್ಡವರದ್ದು. ಒತ್ತಿದ್ದನ್ನು ಅಂಗಳದ ಚಾಪೆಯವರೆಗೆ ಓಡಿ ತಲುಪಿಸುವುದು, ಕೋಲು ಹಿಡಿದು ಕಾಗೆ ಕಾಯುವುದು ನಮ್ಮದು. ಆದರೆ ಈ ಸಲ ಅತ್ತೆಯ ಜೊತೆ ಮೊದಲಿಂದ ಕೊನೆಯವರೆಗೆ ಕೂತಾಗ ಗೊತ್ತಾಯಿತು, ನಾವು ಬಂದು ಸೇರುತ್ತಿದ್ದ ಹೊತ್ತಿಗೆ ಕೆಲಸದ ಮುಕ್ಕಾಲು ಪಾಲು ಮುಗಿದಿರುತ್ತಿತ್ತು. ಕಾಯಿ ಇಳಿಸಿ ತಂದು, ಮೇಣ ತೆಗೆದು, ಬಿಡಿಸಿ, ಹೆಚ್ಚಿ, ಬೇಯಿಸಿ, ಕುಟ್ಟುವಷ್ಟರಲ್ಲಿ ಬೆಳಗಿನ ಜಾವದಿಂದ ಐದಾರು ಗಂಟೆ ಕಳೆದಿರುತ್ತದೆ. ನಾವು ಹಸಿ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತಿಂದು ಎದ್ದು ಹೋದ ಮೇಲೆ, ಮೇಣ ಮೆತ್ತಿದ ಕತ್ತಿ, ಪಾತ್ರೆ, ಜಗುಲಿಗಳ ಕೆಲಸ ಬೇರೆ. ಈಗ ಒರಳಿನ ಜಾಗಕ್ಕೆ ಗ್ರೈಂಡರ್ ಬಂದಿದೆ. ಅತ್ತೆಯ ಬಲಗೈಯ ಹೆಬ್ಬೆರಳಿನ ಬುಡ ಮಾತ್ರ ಅಜ್ಜಿಯದರಂತೆಯೇ ಗಟ್ಟಿಯಾಗಿ, ಕಪ್ಪಾಗಿ, ಮೇಣದ ಗೆರೆಗಳು ಚರ್ಮದೊಳಗೇ ಹೋದಂತೆ ಇದೆ.

ಬಾಗಿಲ ಹಿಂದಿನ ಗೋಡೆ

ಅಜ್ಜಿಯ ಜಾಗ ಖಾಲಿಯಾದದ್ದನ್ನು ನಾನು ಒಂದೇ ಒಂದು ಸಲ ನೋಡಿದ್ದೇನೆ. ಆಗ ನನಗೆ ಹತ್ತು ವರ್ಷ. ರಜೆಗೆ ಹೋಗಿ ಒಂದು ವಾರವಾಗಿರಬಹುದು, ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡರು. ಅಪ್ಪ ಬಂದು ಅವರನ್ನು ಶಿವಮೊಗ್ಗೆಗೆ ಕರೆದುಕೊಂಡು ಹೋದರು. ಪಟ್ಟಿ ಹಾಕಿಸಿ, ಮತ್ತೆ ತೋರಿಸಿ, ವಾಪಸು ಬರುವಾಗ ಹದಿಮೂರು ದಿನವಾಗಿತ್ತು. ಅಮ್ಮ ಅವರ ಜೊತೆ ಹೋದದ್ದರಿಂದ ಮನೆಯಲ್ಲಿ ಉಳಿದದ್ದು ಮದುವೆಯಾಗಿ ಒಂದೂವರೆ ವರ್ಷವಾಗಿದ್ದ ಅತ್ತೆ, ಅಜ್ಜ, ಮಾವ, ಮತ್ತು ಮಕ್ಕಳ ಸೈನ್ಯ.

ಮೊದಲ ಸಂಜೆಯೇ ಗೌರಿ ಹಾಲು ಕೊಡಲಿಲ್ಲ. ಸೊಂಟದೆತ್ತರದ ಮಲೆನಾಡು ಗಿಡ್ಡ ತಳಿಯ ದನ ಅದು, ಆದರೆ ಅತ್ತೆ ಹತ್ತಿರ ಹೋದರೆ ಕಾಲು ಝಾಡಿಸಿ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಮಾರನೆಯ ಬೆಳಿಗ್ಗೆ ಅತ್ತೆ, ಯಾರು ಹೇಳಿಕೊಟ್ಟರೋ, ಅಜ್ಜಿ ಬಿಟ್ಟುಹೋಗಿದ್ದ ಹಳೆಯ ನೂಲಿನ ಸೀರೆಯನ್ನು ತಲೆಯಿಂದ ಸೊಂಟದವರೆಗೆ ಹೊದ್ದುಕೊಂಡು ಕೊಟ್ಟಿಗೆಗೆ ಹೋದರು. ದನ ಸೀರೆಯನ್ನು ಮೂಸಿತು, ಬಹಳ ಹೊತ್ತು ಮೂಸಿತು, ಆಮೇಲೆ ಸುಮ್ಮನೆ ನಿಂತಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಕಂಡದ್ದು, ಆ ಸೀರೆಯೊಳಗೆ ಹಾಲು ಹಿಂಡುತ್ತಲೇ ಅಳುತ್ತಿದ್ದ ಇಪ್ಪತ್ತೆರಡು ವರ್ಷದ ಅತ್ತೆ. ಹೆಪ್ಪು ಎಲ್ಲಿ ಎತ್ತಿಡುತ್ತಿದ್ದರು ಎಂದು ಗೊತ್ತಾಗದೆ ಮೊಸರು ಹುಳಿಯಾಗಿ ಎರಡು ದಿನ ಹಾಳಾಯಿತು. ನಾಲ್ಕು ಭರಣಿಗಳಲ್ಲಿ ಯಾವುದು ಈ ವರ್ಷದ ಮಿಡಿ, ಯಾವುದು ಹಿಂದಿನದು ಎಂಬುದು ಯಾರಿಗೂ ತಿಳಿದಿರಲಿಲ್ಲ. ಹನ್ನೊಂದು ಮಕ್ಕಳಲ್ಲಿ ಯಾರಿಗೆ ಬೆಲ್ಲ ಹಾಕಿದ ಗಂಜಿ, ಯಾರಿಗೆ ಉಪ್ಪಿನದು ಎಂಬ ಲೆಕ್ಕವೂ ಅಜ್ಜಿಯ ಜೊತೆ ಶಿವಮೊಗ್ಗೆಗೆ ಹೋಗಿತ್ತು.

ಬರವಣಿಗೆಯಲ್ಲಿದ್ದ ಲೆಕ್ಕ ಒಂದೇ ಒಂದು, ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ. ವರ್ತನೆಯ ಹಾಲು, ಅಂದರೆ ದಿನವೂ ಗೊತ್ತಾದ ಅಳತೆಯ ಹಾಲು, ತೆಗೆದುಕೊಂಡು ಹೋಗುವ ಮನೆಗಳಿಗೆ ಅಜ್ಜಿ ಇದ್ದಿಲಿನಲ್ಲಿ ಗೀಟು ಹಾಕಿಡುತ್ತಿದ್ದರು, ಮನೆಗೊಂದು ಸಾಲು, ಕುಡ್ತೆಗೊಂದು ಗೀಟು. ತಿಂಗಳ ಕೊನೆಗೆ ದುಡ್ಡು ಬಂದ ಮೇಲೆ ಸಗಣಿಯಿಂದ ಸಾರಿಸಿ ಹೊಸ ಸಾಲು. ಅಜ್ಜಿ ಇಲ್ಲದ ನಾಲ್ಕನೆಯ ದಿನ ಅಜ್ಜ ಲಾಟೀನು ಹಿಡಿದು ಬಾಗಿಲನ್ನು ಮುಂದಕ್ಕೆ ಎಳೆದು ಆ ಗೋಡೆಯನ್ನು ನೋಡಿದರು. ಅಷ್ಟು ವರ್ಷದಲ್ಲಿ ಅವರು ಅದನ್ನು ನೋಡಿದ್ದು ಅದೇ ಮೊದಲು. ಮೂರು ಸಾಲುಗಳಲ್ಲಿ ಗೀಟು ಇತ್ತು. ನಾಲ್ಕನೆಯ ಸಾಲಿನಲ್ಲಿ ಗೀಟಿನ ಬದಲು ಚುಕ್ಕೆಗಳಿದ್ದವು. ಇದು ಯಾವ ಮನೆಯದು ಎಂದು ಅಜ್ಜ ಅತ್ತೆಯನ್ನು ಕೇಳಿದರು. ಅತ್ತೆಗೂ ತಿಳಿದಿರಲಿಲ್ಲ.

ಆ ಸಂಜೆ ಹಿತ್ತಲ ಬಾಗಿಲಿಗೆ ಒಂದು ಹುಡುಗಿ ಚಿಕ್ಕ ತಂಬಿಗೆ ಹಿಡಿದು ಬಂದಳು. ಅವಳ ತಾಯಿ ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವಳು. ಅವಳ ತಮ್ಮ ಹುಟ್ಟಿದಾಗಿನಿಂದ ಕೃಶ. ಅಜ್ಜಿ ಊರಿನಲ್ಲಿ ಇಲ್ಲ ಎಂದು ಮೂರು ದಿನ ಬರಲಿಲ್ಲವಂತೆ, ನಾಲ್ಕನೆಯ ದಿನ ಮಗು ತಡೆಯಲಿಲ್ಲವಂತೆ. ಅಜ್ಜ ಹಿತ್ತಲ ಮೆಟ್ಟಿಲಲ್ಲೇ ನಿಂತಿದ್ದರು. "ತಿಂಗಳಿಗೆ ಎಷ್ಟು ಕೊಡ್ತೀರಿ?" ಎಂದು ಕೇಳಿದರು. "ಅಜ್ಜಿ ಯಾವತ್ತೂ ದುಡ್ಡು ಕೇಳಲ್ಲ" ಎಂದಳು. ಎಷ್ಟು ದಿನದಿಂದ ಎಂದು ಕೇಳಿದರೆ, ತಮ್ಮ ಹುಟ್ಟಿದಾಗಿನಿಂದ ಎಂದಳು. ತಮ್ಮನಿಗೆ ಆಗ ಎರಡು ವರ್ಷ.

ಅಜ್ಜ ಲೆಕ್ಕದ ಮನುಷ್ಯ. ಸೊಸೈಟಿಗೆ ಅಡಿಕೆ ಹಾಕಿದರೆ ತೂಕದ ಚೀಟಿಯನ್ನು ಮೂರು ಸಲ ಓದುವವರು. ಬೈಗುಳ ಬರುತ್ತದೆ ಎಂದು ನಾವು ಮಕ್ಕಳು ಉಸಿರು ಹಿಡಿದು ನಿಂತೆವು. ಅವರು ಏನೂ ಮಾತಾಡಲಿಲ್ಲ. ಅತ್ತೆಗೆ ಕೈಸನ್ನೆ ಮಾಡಿದರು. ಅತ್ತೆ ತಂಬಿಗೆಗೆ ಹಾಲು ಹೊಯ್ದರು, ಹುಡುಗಿ ಹೋದಳು. ಅಜ್ಜ ಒಳಗೆ ಬಂದು ಒಲೆಯ ಬಾಯಿಂದ ಆರಿದ ಇದ್ದಿಲಿನ ತುಂಡೊಂದನ್ನು ಹೆಕ್ಕಿಕೊಂಡು, ಬಾಗಿಲನ್ನು ಎಳೆದು, ನಾಲ್ಕನೆಯ ಸಾಲಿನ ಕೊನೆಗೆ ಒಂದು ಚುಕ್ಕೆ ಇಟ್ಟರು. ಮುಂದಿನ ಎಲ್ಲ ಸಂಜೆಗಳೂ ಅವರೇ ಇಟ್ಟರು. ಅಜ್ಜಿಯ ಚುಕ್ಕೆಗಳು ಸಾಸಿವೆಯಷ್ಟಿದ್ದವು, ಅಜ್ಜನವು ಹೆಸರುಕಾಳಿನಷ್ಟು. ಹದಿಮೂರನೆಯ ದಿನ ಅಜ್ಜಿ ಕೈಗೆ ಪಟ್ಟಿ ಕಟ್ಟಿಕೊಂಡು ಬಂದವರು ಎಲ್ಲರಿಗಿಂತ ಮೊದಲು ಕೊಟ್ಟಿಗೆಗೆ ಹೋದರು, ಆಮೇಲೆ ಅಡುಗೆಮನೆಗೆ ಬಂದು ಬಾಗಿಲ ಹಿಂದೆ ನೋಡಿದರು. "ಇದನ್ನ ಯಾರು ಇಟ್ಟಿದ್ದು?" ಎಂದು ನನ್ನನ್ನು ಕೇಳಿದರು. ಅಜ್ಜ ಎಂದೆ. ಅವರು ಎಡಗೈಯಿಂದ ಸೆರಗನ್ನು ಹಿಡಿದು ಮುಖ ಒರೆಸಿಕೊಂಡರು.

ನನ್ನ ವೃತ್ತಿಯಿಂದಾಗಿ ಈ ಗೋಡೆ ನನ್ನನ್ನು ಬಿಟ್ಟಿಲ್ಲ. ಕಡ್ಡಾಯ ರಜೆಯ ನಿಯಮ ಇರುವುದೇ ಮುಚ್ಚಿಟ್ಟ ವ್ಯವಹಾರ ಹೊರಬರಲಿ ಎಂದು. ಅಜ್ಜಿಯ ಗೈರುಹಾಜರಿಯಲ್ಲೂ ಒಂದು ವ್ಯವಹಾರ ಹೊರಬಂದಿತು. ಆದರೆ ಮುಚ್ಚಿಡುವವರು ಗುರುತು ಉಳಿಸುವುದಿಲ್ಲ. ಅಜ್ಜಿ ಬಿಟ್ಟಿ ಕೊಟ್ಟ ಹಾಲನ್ನೂ ಒಂದು ದಿನ ತಪ್ಪದೆ ಗುರುತು ಹಾಕಿದ್ದರು, ವಸೂಲಿಗಲ್ಲದಿದ್ದರೂ ಬೇರೆ ಚಿಹ್ನೆಯಲ್ಲಿ. ಅವರು ಯಾರಿಂದಲೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಆ ಗೋಡೆಯನ್ನು ಓದಲು ಯಾರೂ ಬಂದಿರಲಿಲ್ಲ, ಅಷ್ಟೆ. ಆ ಜಾಗದಲ್ಲಿ ಇನ್ನೊಬ್ಬರು ನಿಂತು ನೋಡುವ ಸಂದರ್ಭ ಬರಲು ಅವರ ಕೈ ಮುರಿಯಬೇಕಾಯಿತು.

ಹೊರಗೆ ಕೂತ ಮೂರು ದಿನ

ಹಪ್ಪಳ ಒತ್ತುತ್ತಾ ನಾನು ಅತ್ತೆಯನ್ನು ಕೇಳಿದೆ, ಈ ಮನೆಗೆ ಬಂದ ಮೇಲೆ ನಿಮಗೆ ರಜೆ ಅನ್ನಿಸಿದ ದಿನ ಯಾವುದಾದರೂ ಇದೆಯೇ ಎಂದು. ಅವರು ಬಹಳ ಯೋಚಿಸಲಿಲ್ಲ. "ಹೊರಗೆ ಕೂರ್ತಿದ್ವಲ್ಲ, ಆಗ ಬೆನ್ನು ನೆಲಕ್ಕೆ ಹಚ್ಚಲಿಕ್ಕೆ ಆಗ್ತಿತ್ತು" ಎಂದರು. ಮುಟ್ಟಾದವರನ್ನು ಹೊರಗೆ ಕೂರಿಸುವ ಪದ್ಧತಿಯನ್ನು ನಾನು ನನ್ನ ಮನೆಯಲ್ಲಿ ಒಂದು ದಿನವೂ ನಡೆಸಿಲ್ಲ, ಅದನ್ನು ಸಮರ್ಥಿಸುವವರ ಜೊತೆ ಜಗಳವಾಡಿದ್ದೇನೆ. ಅತ್ತೆಯೂ ಅದನ್ನು ಸಮರ್ಥಿಸಲಿಲ್ಲ. ಚಳಿಗಾಲದಲ್ಲಿ ಗೋಣಿಯ ಮೇಲೆ ಮಲಗಿದ್ದನ್ನೂ, ನೀರಿಗೆ ಕೂಗಿ ಕಾದದ್ದನ್ನೂ, ಒಳಗಿನ ಕೆಲಸ ಇಲ್ಲವಾದ್ದರಿಂದ ದರಗು ಗುಡಿಸಲು ಕಳಿಸುತ್ತಿದ್ದುದನ್ನೂ ಹೇಳಿದರು. ಆದರೂ ಆ ಮೂರು ದಿನ ಒಲೆಯ ಮುಂದೆ ಇನ್ನೊಬ್ಬರು ಕೂರಲೇಬೇಕಾಗಿತ್ತು. ಆಗ ಮಾವನೂ ಅನ್ನಕ್ಕೆ ನೀರು ಇಡುವುದನ್ನು ಕಲಿತರಂತೆ. ಹೆಂಗಸಿನ ಜಾಗಕ್ಕೆ ಬದಲಿ ಬೇಕು ಎಂದು ಮನೆ ಒಪ್ಪಿಕೊಂಡದ್ದು ಅವಳನ್ನು ಮೈಲಿಗೆ ಎಂದು ಕರೆದಾಗ ಮಾತ್ರ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ನಮಗೆ ಸಿಕ್ಕಿರುವ ರಜೆಗಳೂ ಆಕಾಶದಿಂದ ಬಿದ್ದವಲ್ಲ. 1890ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು ನಾರಾಯಣ ಮೇಘಾಜಿ ಲೋಖಂಡೆ ಅವರು ವರ್ಷಗಟ್ಟಲೆ ಹೋರಾಡಿದ ಮೇಲೆ. 1948ರ ಕಾರ್ಖಾನೆ ಕಾಯ್ದೆ, ವರ್ಷದಲ್ಲಿ 240 ದಿನ ದುಡಿದವರಿಗೆ ಪ್ರತಿ 20 ದಿನಕ್ಕೆ ಒಂದು ದಿನದ ಸಂಬಳಸಹಿತ ರಜೆ ಎಂದಿತು. ಅಜ್ಜಿಯ ವಿಷಯದಲ್ಲಿ ಆ ಲೆಕ್ಕ ಹಾಕಲು ನಾನು ಕಾಗದ ತೆಗೆದುಕೊಂಡದ್ದುಂಟು. 365 ದಿನಕ್ಕೆ 18 ದಿನ, ಐವತ್ತೈದು ವರ್ಷಕ್ಕೆ 990. ಆ 990 ದಿನಗಳಲ್ಲಿ ಅವರು ತೆಗೆದುಕೊಂಡದ್ದು 13, ಅದೂ ಮುರಿದ ಕೈ ಇಟ್ಟುಕೊಂಡು. ಇದು ಹಳೆಯ ಕಾಲದ ಮಾತು ಎನ್ನುವವರಿಗೆ, ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಯ ಸಂಬಳವಿಲ್ಲದ ಕೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಎಂದಿತ್ತು. ಇಷ್ಟು ವರ್ಷ ಬ್ಯಾಂಕಿನಿಂದ ಬಂದು ಒಲೆಯ ಮುಂದೆ ನಿಂತ ನನಗೆ ಆ ಸಂಖ್ಯೆ ಆಶ್ಚರ್ಯ ಹುಟ್ಟಿಸಲಿಲ್ಲ.

ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ 1975ರ ಅಕ್ಟೋಬರ್ 24ರಂದು ಸುಮಾರು ಶೇ. 90ರಷ್ಟು ಹೆಂಗಸರು ಕಚೇರಿಗೂ ಹೋಗಲಿಲ್ಲ, ಮನೆಯ ಕೆಲಸವನ್ನೂ ಮಾಡಲಿಲ್ಲ. ಶಾಲೆಗಳು ಮುಚ್ಚಿದವು, ಅಪ್ಪಂದಿರು ಮಕ್ಕಳನ್ನು ಕಚೇರಿಗೆ ಕರೆದುಕೊಂಡು ಹೋದರು. ಆ ದಿನದ ಹೆಸರೇ ಮಹಿಳೆಯರ ರಜಾದಿನ. ಅತ್ತೆಗೆ ಇದನ್ನು ಹೇಳಿದಾಗ ಅವರು ಮಣೆಯನ್ನು ಕೆಳಗಿಟ್ಟು, "ದನ ಕರೆಯುವವರು?" ಎಂದು ಕೇಳಿದರು.

ಚಾರ್ಜ್

ನನ್ನ ರಜೆಯ ಕೊನೆಯ ಸಂಜೆ ಹಪ್ಪಳಗಳೆಲ್ಲ ಒಣಗಿ ಡಬ್ಬಿ ಸೇರಿದ್ದವು. ನನ್ನ ಲೆಕ್ಕದಲ್ಲಿ ಕೂಡಿಬಿದ್ದಿರುವ ರಜೆ ಇನ್ನೂರು ದಿನ ದಾಟಿದೆ. ಅದರಲ್ಲಿ ಹನ್ನೆರಡು ದಿನ ತೆಗೆದುಕೊಂಡು ನಾನು ಇಲ್ಲಿಗೆ ಬರುತ್ತೇನೆ, ನೀವು ಪುಣೆಗೆ ಹೋಗಿ ಬನ್ನಿ ಎಂದು ಅತ್ತೆಗೆ ಹೇಳಿದೆ. ಅವರು ನಂಬಲಿಲ್ಲ. ಮಾವ ಕುರ್ಚಿಯಿಂದಲೇ, "ನಾನೇ ಇದ್ದೇನಲ್ಲ" ಎಂದರು. ಇಬ್ಬರು ಕೀಲಿಕೈದಾರರು ಬೇಕು, ಒಬ್ಬರಿಂದ ಆಗುವುದಿಲ್ಲ ಎಂದೆ. ಅವರೂ ಒಪ್ಪಿದರು. ನವರಾತ್ರಿ ಕಳೆದ ಮೇಲೆ, ಅಡಿಕೆ ಕೊಯ್ಲಿಗೆ ಮುಂಚೆ ಸಿಗುವ ಎರಡು ವಾರ ಎಂದು ನಿಶ್ಚಯವಾಯಿತು. ಮಗಳು ಆ ರಾತ್ರಿಯೇ ಫೋನಿನಲ್ಲಿ ರೈಲಿನ ಟಿಕೆಟಿನ ಮಾತೆತ್ತಿದಳು. ನನ್ನ ಅರ್ಜಿ ಇನ್ನೂ ಮಂಜೂರಾಗಿಲ್ಲ, ಆಗುತ್ತದೆ ಎಂಬ ನಂಬಿಕೆ ಇದೆ.

ಚಾರ್ಜ್ ತೆಗೆದುಕೊಳ್ಳುವುದೆಂದರೆ ಬರೆದುಕೊಳ್ಳಬೇಕು ಎಂದು ನಾನು ಮಾವನ ಹಳೆಯ ಡೈರಿಯೊಂದನ್ನು ತೆಗೆದುಕೊಂಡು ಕೂತೆ. ಅತ್ತೆ ನಾಚಿದರು. ಇದೆಲ್ಲ ಬರೆಯುವಂಥದ್ದಾ ಎಂದರು. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಏನು ಮಾಡುತ್ತೀರಿ ಎಂದು ಕೇಳಿದೆ. ಏನಿಲ್ಲ, ಒಲೆ ಹಚ್ಚುವುದು ಎಂದರು. ಆಮೇಲೆ ತಡೆದು, ಅದಕ್ಕಿಂತ ಮುಂಚೆ ಬೆಕ್ಕನ್ನು ಹೊರಗೆ ಬಿಡಬೇಕು, ಇಲ್ಲದಿದ್ದರೆ ಹೆಪ್ಪಿನ ಪಾತ್ರೆಗೆ ಬಾಯಿ ಹಾಕುತ್ತದೆ ಎಂದರು. ಅದಕ್ಕಿಂತ ಮುಂಚೆ, ಮಾವ ರಾತ್ರಿ ಎರಡಕ್ಕೆ ಎದ್ದರೋ ಇಲ್ಲವೋ ನೋಡಬೇಕು, ಎದ್ದಿದ್ದರೆ ಬೆಳಗಿನ ಮಾತ್ರೆಗೆ ಮೊದಲು ಅರ್ಧ ರೊಟ್ಟಿ ಕೊಡಬೇಕು. ಹಿತ್ತಲ ಬಾಗಿಲಿನ ಅಗಳಿಯನ್ನು ಎಡಕ್ಕೆ ಎತ್ತಿ ತೆಗೆಯಬೇಕು. ಕೊಟ್ಟಿಗೆಗೆ ಹೋಗುವಾಗ ಕೈಯಲ್ಲಿ ಹುಲ್ಲಿನ ಒಂದು ಹಿಡಿ ಇರಬೇಕು, ಬರಿಗೈಯಲ್ಲಿ ಹೋದರೆ ಈಗಿನ ದನ ಬೇಜಾರು ಮಾಡಿಕೊಳ್ಳುತ್ತದೆ. ಹಳೆಯ ನೀಲಿ ಸೀರೆಯನ್ನು ಕೊಟ್ಟಿಗೆಯ ಗೂಟಕ್ಕೆ ಹಾಕಿಟ್ಟು ಹೋಗುತ್ತೇನೆ ಎಂದರು, ಒಗೆಯಬೇಡ ಎಂದರು. ನಾಲ್ಕು ಪುಟ ತುಂಬುವಾಗ ನಾವು ಇನ್ನೂ ಬೆಳಗಿನ ತಿಂಡಿಯನ್ನು ತಲುಪಿರಲಿಲ್ಲ. ಅತ್ತೆ ಎದ್ದು ದೀಪ ಹಚ್ಚಿ ಬಂದು, ಈಗ ನಾಚಿಕೆಯಿಲ್ಲದೆ, ನನ್ನ ಪಕ್ಕದಲ್ಲೇ ಕೂತು, "ಐದನೇ ಪುಟ ತೆಗೆ" ಎಂದರು.